ಕತ್ತಿ ಒರೆಯಲ್ಲೇ ಇರುವಾಗ ಕತೆ ಮುಂದುವರಿಯುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮಕ್ಕಳಿಗೆ ಎಂಟು ಪುಟದ ಕಾಮಿಕ್ಸ್ ರಚಿಸಲು ಹೇಳಿದರೆ ಮಾಂತ್ರಿಕರು, ರಾಕ್ಷಸರು, ಮಾತನಾಡುವ ಪ್ರಾಣಿಗಳು ಎಲ್ಲವೂ ಬರುತ್ತವೆ. ಆದರೆ ಆರನೆಯ ಪುಟದಲ್ಲಿ ತಪ್ಪದೆ ಹೊಡೆದಾಟ ಶುರುವಾಗಿ, ಎಂಟನೆಯದರಲ್ಲಿ ರಾಕ್ಷಸ ಸತ್ತು ಬೀಳುತ್ತಾನೆ. ಹೊಡೆದಾಟವಿಲ್ಲದೆ ಮುಗಿಸಿ ಎಂದರೆ ರಾಕ್ಷಸ ಕ್ಷಮೆ ಕೇಳುತ್ತಾನೆ, ಎಲ್ಲರೂ ಕೈಕುಲುಕುತ್ತಾರೆ. ಅದು ಮಕ್ಕಳಿಗೇ ಸಪ್ಪೆ ಎನಿಸುತ್ತದೆ. ಕಾಳಗಕ್ಕೆ ಬದಲಾದ ದಾರಿಯನ್ನು ಗಟ್ಟಿಯಾಗಿ ತೋರಿಸಿದ ಫ್ಯಾಂಟಸಿ ಕಾಮಿಕ್ಸ್ ಇವೆಯೆ? ಅವು ಅದನ್ನು ಸಾಧಿಸಿದ್ದು ಹೇಗೆ?

ಉತ್ತರ: ತಮ್ಮ ಮಕ್ಕಳಿಗೆ ಎರಡನೆಯ ಮುಕ್ತಾಯ ಸಪ್ಪೆ ಎನಿಸಿದ್ದು ಅವರ ಅಭಿರುಚಿಯ ದೋಷವಲ್ಲ, ಅವರ ಓದು ಸರಿಯಾಗಿದೆ ಎನ್ನುವುದರ ಗುರುತು. ಕತೆಯೊಳಗಿನ ಹೊಡೆದಾಟಕ್ಕೆ ನಿಯಮಗಳಿರುತ್ತವೆ, ಅಪಾಯವಿರುತ್ತದೆ, ಕಲಿತ ವಿದ್ಯೆಯ ಪರೀಕ್ಷೆಯಿರುತ್ತದೆ, ಗೆದ್ದವನೂ ಏನನ್ನಾದರೂ ಕಳೆದುಕೊಳ್ಳುತ್ತಾನೆ. ಕೈಕುಲುಕುವ ಚಿತ್ರದಲ್ಲಿ ಇವು ಯಾವುವೂ ಇಲ್ಲ. ಹೊಡೆದಾಟವನ್ನು ತೆಗೆದುಹಾಕಿದ ಜಾಗದಲ್ಲಿ ಅಷ್ಟೇ ತೂಕದ ಇನ್ನೊಂದನ್ನು ಇಡದಿದ್ದರೆ ಕತೆ ಕುಸಿಯುತ್ತದೆ. ಈ ವಿಷಯದಲ್ಲಿ ಯಶಸ್ವಿಯಾದ ಕೃತಿಗಳು ಹೊಡೆದಾಟಕ್ಕಿಂತ ಕಷ್ಟವಾದ ಒಂದು ಕೆಲಸವನ್ನು ನಾಯಕನ ಕೈಗೆ ಕೊಟ್ಟಿವೆ ಎಂಬುದು ಹಲವು ವರ್ಷಗಳ ಓದಿನಿಂದ ನಾನು ಕಂಡುಕೊಂಡ ಸಂಗತಿ.

ಮೊದಲು ಮಕ್ಕಳ ಪರವಾಗಿ ಒಂದು ಮಾತು ಹೇಳಬೇಕು. ಕಾಮಿಕ್ಸ್ ಎಂಬ ಮಾಧ್ಯಮದ ಕಟ್ಟುವಿಕೆಯೇ ಹೊಡೆದಾಟಕ್ಕೆ ಒಲಿದಿದೆ. ಒಂದು ಚೌಕಟ್ಟಿನಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಉರುಳಿದ ದೇಹ. ನಡುವಿನ ಖಾಲಿ ಜಾಗದಲ್ಲಿ ಬಿದ್ದ ಏಟನ್ನು ಓದುಗನ ಮನಸ್ಸೇ ಪೂರೈಸುತ್ತದೆ. ವೇಗದ ಗೆರೆಗಳು, ದಪ್ಪ ಅಕ್ಷರದ ಸದ್ದುಗಳು ಈ ಅನುಭವವನ್ನು ಇಮ್ಮಡಿಗೊಳಿಸುತ್ತವೆ. ಇದರ ಜೊತೆಗೆ ವ್ಯಾಪಾರದ ಒತ್ತಡವೂ ಇದೆ. ಓದುಗರು ಅಂಚೆಕಾರ್ಡಿನಲ್ಲಿ ಕಳಿಸುವ ಮತಗಳ ಮೇಲೆ ಧಾರಾವಾಹಿಗಳ ಅಳಿವು ಉಳಿವು ನಿರ್ಧಾರವಾಗುವ ಪದ್ಧತಿ ಜಪಾನಿನ ವಾರಪತ್ರಿಕೆಗಳಲ್ಲಿ ಬೆಳೆದುಬಂದಿತು. ಅಂಥಲ್ಲಿ ಕೆಲವು ವಾರಗಳಿಗೊಬ್ಬ ಹೊಸ ಎದುರಾಳಿಯನ್ನು ತರುವುದು ಸುಲಭದ ಉಪಾಯ. ಮಕ್ಕಳು ಕಣ್ಣೆದುರಿಗಿರುವುದನ್ನು ಕಲಿತಿದ್ದಾರೆ, ಅಷ್ಟೆ.

ಬದಲಿ ದಾರಿಗಳಲ್ಲಿ ಎಲ್ಲಕ್ಕಿಂತ ಹಳೆಯದು, ಆಯುಧಗಳ ಬದಲು ನಿಯಮಬದ್ಧ ಸ್ಪರ್ಧೆಯನ್ನು ತರುವುದು. ಇದರ ಪ್ರಸಿದ್ಧ ಉದಾಹರಣೆ 1989ರಲ್ಲಿ ಬಂದ ‘ಸ್ಯಾಂಡ್‌ಮನ್’ ಕಾಮಿಕ್ಸ್ ಸರಣಿಯ ನಾಲ್ಕನೆಯ ಸಂಚಿಕೆಯಲ್ಲಿದೆ. ಕನಸುಗಳ ಒಡೆಯನು ತನ್ನ ಕಳೆದುಹೋದ ಶಿರಸ್ತ್ರಾಣವನ್ನು ಹುಡುಕಿಕೊಂಡು ನರಕಕ್ಕೆ ಇಳಿಯುತ್ತಾನೆ. ಅದು ಕೊರೊನ್‌ಜಾನ್ ಎಂಬ ಪಿಶಾಚಿಯ ವಶದಲ್ಲಿರುತ್ತದೆ. ಇಬ್ಬರ ನಡುವೆ ನಡೆಯುವುದು ಮಾತಿನ ದ್ವಂದ್ವ: ಒಬ್ಬನು ತಾನು ತೋಳವೆಂದರೆ ಇನ್ನೊಬ್ಬನು ಅದನ್ನು ಇರಿಯುವ ಬೇಟೆಗಾರನಾಗುತ್ತಾನೆ, ಬೇಟೆಗಾರನ ಕುದುರೆಯನ್ನು ಕಚ್ಚುವ ನೊಣ, ನೊಣವನ್ನು ತಿನ್ನುವ ಜೇಡ, ಜೇಡವನ್ನು ನುಂಗುವ ಹಾವು, ಹಾವನ್ನು ತುಳಿಯುವ ಎತ್ತು, ಎತ್ತನ್ನು ಕೊಲ್ಲುವ ರೋಗಾಣು, ಹೀಗೆ ಏರುತ್ತ ಏರುತ್ತ ಭೂಮಿ, ಸಿಡಿಯುವ ನಕ್ಷತ್ರ, ವಿಶ್ವ, ಕೊನೆಗೆ ಎಲ್ಲದರ ಅಂತ್ಯವಾದ ಕತ್ತಲೆಯವರೆಗೆ ಪಿಶಾಚಿ ತಲುಪುತ್ತದೆ. ಆಗ ಕನಸಿನ ಒಡೆಯನು ತಾನು ಭರವಸೆ ಎನ್ನುತ್ತಾನೆ. ಅದಕ್ಕೆ ಎದುರಾಗಿ ಏನಾಗಬೇಕೆಂದು ಕೊರೊನ್‌ಜಾನ್‌ಗೆ ತೋಚುವುದಿಲ್ಲ.

ಈ ಪುಟಗಳನ್ನು ಮಕ್ಕಳಿಗೆ ವಿವರಿಸುವಾಗ ಒಂದು ಅಂಶದ ಕಡೆ ಗಮನ ಸೆಳೆಯಬೇಕೆಂದು ಕೋರುತ್ತೇನೆ. ಪಿಶಾಚಿಯ ಪ್ರತಿ ನಡೆಯೂ ಹಿಂದಿನದನ್ನು ನಾಶಮಾಡುವಂಥದ್ದು. ಕನಸಿನ ಒಡೆಯನಾದರೋ ಮೊದಲು ಬೇಟೆಗಾರ, ಜೇಡಗಳಂಥ ಕೊಲ್ಲುವ ರೂಪಗಳನ್ನೇ ಆರಿಸಿಕೊಂಡರೂ, ಆಟ ದೊಡ್ಡದಾದಂತೆ ಜೀವವನ್ನು ಪೊರೆಯುವ ಭೂಮಿಯಾಗುತ್ತಾನೆ, ಎಲ್ಲವನ್ನೂ ಒಳಗೊಳ್ಳುವ ವಿಶ್ವವಾಗುತ್ತಾನೆ. ನಾಶದ ಏಣಿಗೆ ಒಂದು ತುದಿಯಿದೆ. ಅಲ್ಲಿಗೆ ಮುಟ್ಟಿದವನಿಗೆ ಮುಂದಿನ ಮೆಟ್ಟಿಲಿಲ್ಲ. ಗೆಲುವು ಬಂದದ್ದು ಹೆಚ್ಚಿನ ಬಲದಿಂದಲ್ಲ, ಆಟದ ದಿಕ್ಕನ್ನೇ ಬದಲಿಸಿದ್ದರಿಂದ. ಅಷ್ಟಕ್ಕೇ ಅಪಾಯ ಮುಗಿಯುವುದೂ ಇಲ್ಲ. ನರಕದ ಸೈನ್ಯ ಅವನನ್ನು ಸುತ್ತುವರಿದು, ಇಲ್ಲಿ ಕನಸಿಗೆ ಯಾವ ಶಕ್ತಿಯಿದೆ, ನಿನ್ನನ್ನು ಏಕೆ ಬಿಡಬೇಕು ಎಂದು ನರಕದ ಒಡೆಯ ಲೂಸಿಫರ್ ಕೇಳುತ್ತಾನೆ. ಸ್ವರ್ಗದ ಕನಸೇ ಕಾಣಲಾರದವರ ಮೇಲೆ ನರಕದ ಹಿಡಿತವಾದರೂ ಎಷ್ಟಿದ್ದೀತು ಎಂಬ ಅರ್ಥದ ಮರುಪ್ರಶ್ನೆಯೊಂದರಿಂದ ಕನಸಿನ ಒಡೆಯನು ಹೊರಬರುತ್ತಾನೆ.

ಸ್ಪರ್ಧೆಯ ಈ ಕಲ್ಪನೆ ಕನ್ನಡದ ಓದುಗರಿಗೆ ಹೊಸದಲ್ಲ. 941ರ ಪಂಪನ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಏಕೆ ಸಾಯಬೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡುತ್ತಾರೆ. ಅಮೆರಿಕದಲ್ಲಿ 1978ರಲ್ಲಿ ಆರಂಭವಾದ ‘ಎಲ್ಫ್‌ಕ್ವೆಸ್ಟ್’ ಎಂಬ ಕಾಮಿಕ್ಸ್‌ನಲ್ಲಿಯೂ ಕಟರ್ ಮತ್ತು ರಾಯೆಕ್ ಎಂಬ ಇಬ್ಬರು ಎದುರಾಳಿಗಳು ಕೈ, ತಲೆ, ಹೃದಯ ಎಂಬ ಮೂರು ಪರೀಕ್ಷೆಗಳನ್ನು ಎದುರಿಸುತ್ತಾರೆ. ಇವೆರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಮೂರು ಪರೀಕ್ಷೆಗಳ ರೂಪ ಲೋಕದ ಅನೇಕ ಕಡೆ ಸಹಜವಾಗಿ ಹುಟ್ಟಿದೆ. ಆದರೆ ಸ್ಪರ್ಧೆಯ ಮಿತಿಯನ್ನು ಪಂಪ ಕಂಡಷ್ಟು ನಿಚ್ಚಳವಾಗಿ ಎಷ್ಟೋ ಕಾಮಿಕ್ಸ್‌ಗಳು ಕಂಡಿಲ್ಲ. ಸೋತ ಭರತನು ನಿಯಮ ಮುರಿದು ಚಕ್ರವನ್ನು ಪ್ರಯೋಗಿಸುತ್ತಾನೆ, ಗೆದ್ದ ಬಾಹುಬಲಿಗೆ ಗೆಲುವೇ ಬೇಡವಾಗುತ್ತದೆ. ಸ್ಪರ್ಧೆ ರಕ್ತವನ್ನು ಉಳಿಸುತ್ತದೆ, ಆದರೆ ಯಾರು ಹೆಚ್ಚು ಎಂಬ ಪ್ರಶ್ನೆಯನ್ನು ಇದ್ದಲ್ಲೇ ಬಿಡುತ್ತದೆ.

ಆಯುಧವಿಲ್ಲದಿದ್ದರೂ ಬಲಾತ್ಕಾರವಿರಬಹುದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. 1941ರಲ್ಲಿ ಮೊದಲು ಕಾಣಿಸಿಕೊಂಡ ‘ವಂಡರ್ ವುಮನ್’ ಪಾತ್ರವನ್ನು ರೂಪಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ವೈರಿಗಳನ್ನು ಕೊಲ್ಲದೆ ತಿದ್ದಬೇಕೆಂಬುದು ಅವನ ಆಶಯವಾಗಿತ್ತು. ಇಂದು ಎಲ್ಲರೂ ಸತ್ಯ ಹೇಳಿಸುವ ಹಗ್ಗವೆಂದು ಬಲ್ಲ ಅವಳ ಚಿನ್ನದ ಹಗ್ಗ ಆರಂಭದಲ್ಲಿ ಕಟ್ಟಿಸಿಕೊಂಡವರನ್ನು ಆಜ್ಞೆಗೆ ತಲೆಬಾಗಿಸುವ ಹಗ್ಗವಾಗಿತ್ತು. ಸೆರೆಯಾದವರನ್ನು ಒಂದು ದ್ವೀಪದಲ್ಲಿಟ್ಟು, ಸೊಂಟಕ್ಕೆ ಮಾಂತ್ರಿಕ ಪಟ್ಟಿ ತೊಡಿಸಿ, ವಿಧೇಯತೆಯಲ್ಲಿ ಸಂತೋಷಪಡುವಂತೆ ಮಾಡುವ ಕತೆಗಳೂ ಇವೆ. ಆಶಯ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಎದುರಿಗಿರುವವರ ಇಚ್ಛೆಯನ್ನೇ ಕಿತ್ತುಕೊಳ್ಳುವ ದಾರಿ ನೀವು ಕೇಳುತ್ತಿರುವ ದಾರಿಯಲ್ಲ. ರಾಕ್ಷಸನಿಗೆ ಮಂತ್ರ ಹಾಕಿ ಒಳ್ಳೆಯವನನ್ನಾಗಿ ಮಾಡುವ ಮಗುವಿನ ಕತೆಯಲ್ಲೂ ಇದೇ ತೊಡಕು ಇರುತ್ತದೆ.

ಹಾಗಿದ್ದರೆ ಇಚ್ಛೆಯನ್ನು ಹಿಂದಿರುಗಿಸುವುದೇ ಕತೆಯಾದರೆ ಹೇಗಿರುತ್ತದೆ? ಯೂಕಿ ಮಿದೊರಿಕಾವಾ ಅವರು 2003ರಲ್ಲಿ ಆರಂಭಿಸಿದ ‘ನಾತ್ಸುಮೆ ಯೂಜಿನ್‌ಚೊ’ ಎಂಬ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉತ್ತರ. ಜಪಾನಿನ ಜನಪದದಲ್ಲಿ ಯೋಕಾಯ್ ಎಂದು ಕರೆಯಲಾಗುವ ಅದೃಶ್ಯ ಜೀವಿಗಳನ್ನು ಕಾಣಬಲ್ಲ ನಾತ್ಸುಮೆ ಎಂಬ ಹುಡುಗ, ನೆಂಟರ ಮನೆಯಿಂದ ನೆಂಟರ ಮನೆಗೆ ಸಾಗಹಾಕಲ್ಪಟ್ಟು ಬೆಳೆದ ಅನಾಥ. ಅವನ ಅಜ್ಜಿ ರೇಕೊಗೂ ಅದೇ ದೃಷ್ಟಿಯಿತ್ತು. ಮನುಷ್ಯರು ದೂರವಿಟ್ಟ ಆ ಹುಡುಗಿ ಕಾಡಿನ ಯೋಕಾಯ್‌ಗಳನ್ನು ಪಂದ್ಯಕ್ಕೆ ಕರೆದು, ಸೋತವರ ಹೆಸರನ್ನು ಹಾಳೆಯಲ್ಲಿ ಬರೆಸಿಕೊಂಡು ಒಂದು ಪುಸ್ತಕ ಮಾಡಿದ್ದಳು. ಹೆಸರು ಯಾರ ಕೈಯಲ್ಲಿದೆಯೋ ಅವರ ಆಜ್ಞೆಯನ್ನು ಯೋಕಾಯ್ ಮೀರುವಂತಿಲ್ಲ. ಅಂದರೆ ಮೊಮ್ಮಗನ ಕೈಗೆ ಬಂದದ್ದು ಒಂದು ಸೈನ್ಯ.

ಅವನು ಆ ಸೈನ್ಯವನ್ನು ಬಳಸುವುದಿಲ್ಲ, ಒಂದೊಂದೇ ಹೆಸರನ್ನು ಹಿಂದಿರುಗಿಸುತ್ತಾನೆ. ಪುಸ್ತಕದ ಹಾಳೆಗಳು ತಾವಾಗಿ ಮಗುಚಿ ಸರಿಯಾದ ಪುಟ ಸೆಟೆದು ನಿಲ್ಲುತ್ತದೆ. ಅದನ್ನು ಹರಿದು ಬಾಯಲ್ಲಿ ಕಚ್ಚಿಕೊಂಡು, ಕೈ ಜೋಡಿಸಿ, ಉಸಿರು ಹೊರಬಿಟ್ಟರೆ ಅಕ್ಷರಗಳು ಗಾಳಿಯಲ್ಲಿ ಹರಿದು ಒಡೆಯನನ್ನು ಸೇರುತ್ತವೆ. ಆ ಹೊತ್ತಿನಲ್ಲಿ ಯೋಕಾಯ್‌ನ ನೆನಪುಗಳು ಹುಡುಗನಿಗೆ ಕಾಣಿಸುತ್ತವೆ: ಹೆಸರು ಕೊಟ್ಟ ಮೇಲೆ ರೇಕೊ ಮತ್ತೆ ಕರೆಯುವಳೆಂದು ಕಾಯುತ್ತ ಕುಳಿತ ವರ್ಷಗಳು, ಅವಳು ಬಾರದೇ ಹೋದ ದಾರಿ. ಹೆದರಿಸಲು ಬಂದ ಜೀವಿಯ ಸಿಟ್ಟಿನ ಬುಡದಲ್ಲಿ ಬಹುಪಾಲು ಇರುವುದು ಕಾದು ಕಾದು ಬಳಲಿದ ಒಂಟಿತನ. ಪ್ರತಿ ಹೆಸರಿನ ಜೊತೆಗೂ ಹುಡುಗನ ಮೈಯ ಶಕ್ತಿ ಸೋರಿಹೋಗುತ್ತದೆ, ಕೆಲವೊಮ್ಮೆ ಕುಸಿದು ಬೀಳುತ್ತಾನೆ. ನಿಯಮ, ವಿದ್ಯೆ, ಅಪಾಯ, ತೆರಬೇಕಾದ ಬೆಲೆ, ನಾನು ಮೊದಲು ಹೇಳಿದ ಎಲ್ಲವೂ ಇಲ್ಲಿವೆ ಎಂಬುದನ್ನು ಗಮನಿಸಿ. ಕಾಳಗವೊಂದೇ ಇಲ್ಲ. ಅವಸರದಲ್ಲಿ ನಾತ್ಸುಮೆ ಯೋಕಾಯ್‌ಗೆ ಮುಷ್ಟಿಯಿಂದ ಗುದ್ದುವ ಪ್ರಸಂಗಗಳೂ ಇಲ್ಲದಿಲ್ಲ. ಲೇಖಕಿ ಅವನನ್ನು ಸಂತನನ್ನಾಗಿ ಮಾಡಿಲ್ಲ, ಅದು ಕೃತಿಗೆ ಒಳ್ಳೆಯದೇ ಆಗಿದೆ.

ಇದೇ ಲೋಕದಲ್ಲಿ ಯೋಕಾಯ್‌ಗಳನ್ನು ಸೆರೆಹಿಡಿಯುವ ವೃತ್ತಿಯವರೂ ಇದ್ದಾರೆ. ಅವರಲ್ಲಿ ಬಲಿಷ್ಠವಾದ ಮಾತೊಬಾ ಮನೆತನದ ಯಜಮಾನನು ಬಲಗಣ್ಣನ್ನು ಮುಚ್ಚಿಕೊಂಡೇ ಇರುತ್ತಾನೆ. ಹಿಂದೆ ಅವರ ಪೂರ್ವಜನೊಬ್ಬ ಒಂದು ಯೋಕಾಯ್‌ನಿಂದ ನೆರವು ಪಡೆದು, ಬದಲಿಗೆ ಬಲಗಣ್ಣು ಕೊಡುವೆನೆಂದು ಮಾತುಕೊಟ್ಟು ತಪ್ಪಿದ್ದ. ಅಂದಿನಿಂದ ಅದು ಪ್ರತಿ ತಲೆಮಾರಿನ ಯಜಮಾನನ ಕಣ್ಣಿಗಾಗಿ ಬರುತ್ತಲೇ ಇದೆ. ಒಂದು ಕಡೆ ಅಜ್ಜಿಯ ಋಣವನ್ನು ತೀರಿಸುತ್ತ ಹಗುರಾಗುವ ಮೊಮ್ಮಗ, ಇನ್ನೊಂದು ಕಡೆ ತೀರಿಸದ ಋಣಕ್ಕಾಗಿ ತಲೆಮಾರುಗಳಿಂದ ಕಾದಾಡುತ್ತಲೇ ಇರುವ ಮನೆತನ. ಅಹಿಂಸೆಯ ಪರವಾದ ವಾದವನ್ನು ಲೇಖಕಿ ಒಂದು ಭಾಷಣವೂ ಇಲ್ಲದೆ ಹೀಗೆ ಕತೆಯ ಕಟ್ಟಡದಲ್ಲಿಯೇ ಕೂರಿಸಿದ್ದಾರೆ.

ಯೂಕಿ ಉರುಶಿಬಾರಾ ಅವರ ‘ಮುಶಿಶಿ’ 1999ರಿಂದ 2008ರವರೆಗೆ ಬಂದು ಹತ್ತು ಸಂಪುಟಗಳಲ್ಲಿ ಮುಗಿದ ಮಾಂಗಾ. ಅದರ ನಾಯಕ ಗಿಂಕೊ ಊರೂರು ತಿರುಗುವ ವೈದ್ಯನಂಥವನು. ಮುಶಿ ಎಂಬ ಸೂಕ್ಷ್ಮ ಜೀವರೂಪಗಳು ಮನುಷ್ಯರಿಗೆ ತೊಂದರೆ ಕೊಡುತ್ತವೆ, ಆದರೆ ದ್ವೇಷದಿಂದಲ್ಲ. ಅವು ತಮ್ಮ ಪಾಡಿಗೆ ಬದುಕುತ್ತಿರುತ್ತವೆ. ಹಾಗಾಗಿ ಇಲ್ಲಿ ಕಾಳಗಕ್ಕೆ ಎದುರಾಳಿಯೇ ಇಲ್ಲ, ರೋಗನಿದಾನವಿದೆ. ಹಿಮ ಮುಚ್ಚಿದ ಊರೊಂದರಲ್ಲಿ ಸದ್ದನ್ನು ತಿನ್ನುವ ಮುಶಿ ಜನರ ಕಿವಿ ಸೇರಿಕೊಂಡಿರುತ್ತದೆ. ಒಬ್ಬ ಹುಡುಗನಿಗೆ ಮಾತ್ರ ಕೊಂಬು ಮೂಡಿ, ಸದ್ದುಗಳು ಬಿಡುವಿಲ್ಲದೆ ಕೇಳಿಸಿ ಕಾಡುತ್ತವೆ. ಅವನಿಗೆ ದೊರೆಯುವ ಮದ್ದು ಅಂಗೈಯಿಂದ ಕಿವಿ ಮುಚ್ಚಿಕೊಂಡು ತನ್ನದೇ ಸ್ನಾಯುಗಳ ಗುನುಗನ್ನು ಆಲಿಸುವುದು. ಹಾಗೆ ಕೇಳಿಸಿಕೊಳ್ಳುವುದನ್ನು ತೀರಿಹೋದ ತಾಯಿ ಅವನಿಗೆ ಮೊದಲೇ ತೋರಿಸಿಕೊಟ್ಟಿದ್ದಳು. ಇನ್ನೊಂದು ಕತೆಯಲ್ಲಿ ದಿಂಬಿನಲ್ಲಿ ಮನೆಮಾಡಿದ ಮುಶಿಯ ಕಾಟ ತಾಳದೆ ಒಬ್ಬನು ಆ ದಿಂಬನ್ನೇ ಕತ್ತಿಯಿಂದ ಕಡಿಯುತ್ತಾನೆ. ಗಾಯವಾಗುವುದು ಅವನ ಮೈಗೇ. ಎಲ್ಲ ಕತೆಗಳೂ ಸುಖಾಂತವಲ್ಲ. ಗಿಂಕೊನ ಜ್ಞಾನ ಸಾಲದೆ ಹೋಗುತ್ತದೆ, ತಡವಾಗುತ್ತದೆ, ಜನ ಸಾಯುತ್ತಾರೆ. ಶಾಂತಿಯುತ ದಾರಿಯೆಂದರೆ ಖಾತರಿಯ ದಾರಿ ಎಂದು ಮಕ್ಕಳು ತಿಳಿಯದಿರಲು ಈ ಕೃತಿ ನೆರವಾಗುತ್ತದೆ.

ಈಗ ಎಲ್ಲಕ್ಕಿಂತ ಸಂಕೀರ್ಣವಾದ ಉದಾಹರಣೆಗೆ ಬರುತ್ತೇನೆ. ಹಯಾವೊ ಮಿಯಾಝಾಕಿ ಅವರು 1982ರಿಂದ 1994ರವರೆಗೆ, ನಡುನಡುವೆ ನಿಲ್ಲಿಸುತ್ತ, ರಚಿಸಿದ ಏಳು ಸಂಪುಟಗಳ ‘ನೌಸಿಕಾ’ ಮಾಂಗಾ ಬಹಳ ಜನರಿಗೆ 1984ರ ಚಲನಚಿತ್ರದ ಮೂಲಕವೇ ಗೊತ್ತು. ಆದರೆ ಚಿತ್ರ ಕತೆಯ ಮೊದಲ ಭಾಗವನ್ನಷ್ಟೇ ಬಳಸಿಕೊಂಡಿದೆ. ಮಹಾಯುದ್ಧವೊಂದು ಭೂಮಿಯನ್ನು ಸುಟ್ಟು ಸಾವಿರ ವರ್ಷಗಳಾದ ಮೇಲೆ, ವಿಷದ ಗಾಳಿ ಸೂಸುವ ಅಣಬೆಕಾಡು ಹಬ್ಬುತ್ತಿರುವ ಲೋಕವದು. ಆ ಕಾಡನ್ನು ಕಾಯುವ ಓಮು ಎಂಬ ಬೆಟ್ಟದಂಥ ಕೀಟ ಕೆರಳಿ ಓಡಿಬಂದಾಗ, ಕಣಿವೆಯ ರಾಜಕುಮಾರಿ ನೌಸಿಕಾ ಬೆಳಕಿನ ಸಿಡಿತದಿಂದ ಅದರ ಕಣ್ಣು ಕೋರೈಸಿ, ಕೀಟಗಳ ಸೀಟಿಯಿಂದ ಸಮಾಧಾನಪಡಿಸಿ ಕಾಡಿಗೆ ಮರಳಿಸುತ್ತಾಳೆ. ಅದರ ಬೆನ್ನಿಗೇ, ಬೆದರಿದ ಪುಟ್ಟ ನರಿ-ಅಳಿಲೊಂದು ಅವಳ ಬೆರಳನ್ನು ಕಚ್ಚುತ್ತದೆ. ಅವಳು ಕೈ ಹಿಂತೆಗೆಯುವುದಿಲ್ಲ. ಭಯ ಇಳಿದ ಮೇಲೆ ಅದೇ ಪ್ರಾಣಿ ಗಾಯವನ್ನು ನೆಕ್ಕುತ್ತದೆ. ಕೆಲವೇ ಚೌಕಟ್ಟುಗಳ ಈ ಪ್ರಸಂಗದಲ್ಲಿ ಇಡೀ ಕೃತಿಯ ಬೀಜವಿದೆ: ಕಚ್ಚುವುದು ಭಯ, ಅದನ್ನು ತಾಳಿಕೊಳ್ಳಲು ನೋವಿನ ಸಿದ್ಧತೆ ಬೇಕು.

ಆದರೂ ನೌಸಿಕಾ ಆಯುಧ ಮುಟ್ಟದವಳಲ್ಲ. ಕಣಿವೆಗೆ ನುಗ್ಗಿದ ಸೈನಿಕರ ಎದುರು ಸಿಟ್ಟಿನಿಂದ ಕತ್ತಿ ಹಿಡಿಯುತ್ತಾಳೆ, ಗುರುವಾದ ಯೂಪಾ ನಡುವೆ ಬಂದು ತಡೆಯಬೇಕಾಗುತ್ತದೆ. ತನ್ನೊಳಗಿನ ದ್ವೇಷಕ್ಕೆ ತಾನೇ ಹೆದರಿದ ಅನುಭವದಿಂದಲೇ ಅವಳ ಅಹಿಂಸೆ ಹುಟ್ಟುತ್ತದೆ, ಅದು ಹುಟ್ಟುಗುಣವಲ್ಲ. ಶತ್ರುಸೈನ್ಯದ ಮೇಲೆ ಓಮುಗಳ ಹಿಂಡನ್ನು ಹರಿಸಲು, ಯುದ್ಧದ ಇನ್ನೊಂದು ಪಕ್ಷವಾದ ದೊರೊಕ್ ಜನ ಓಮುವಿನ ಮರಿಯೊಂದನ್ನು ಚಿತ್ರಹಿಂಸೆಗೆ ಒಳಪಡಿಸಿ ಆಮಿಷವಾಗಿ ಬಳಸಿದಾಗ, ಅವಳು ಆ ಮರಿಯನ್ನು ಬಿಡಿಸಲು ಹೋಗಿ ಅದರ ನೀಲಿ ರಕ್ತದಲ್ಲಿ ತೊಯ್ಯುತ್ತಾಳೆ. ಇನ್ನೂ ಮುಂದೆ, ಯುದ್ಧಕ್ಕಾಗಿ ಸೃಷ್ಟಿಸಿದ ಒಂದು ವಿಕೃತ ಶಿಲೀಂಧ್ರ ಊರುಗಳನ್ನು ನುಂಗುತ್ತ ಬರುವಾಗ ಕೀಟಗಳೆಲ್ಲ ಅದರತ್ತ ಧಾವಿಸುತ್ತವೆ. ದಾಳಿಯೆಂದು ಮನುಷ್ಯರು ತಿಳಿದದ್ದು ದಾಳಿಯಾಗಿರುವುದಿಲ್ಲ. ಅನಾಥವಾದ ಆ ಜೀವದ ನರಳಿಕೆಯನ್ನು ಕೇಳಿ, ತಮ್ಮ ದೇಹಗಳನ್ನೇ ಅದಕ್ಕೆ ಕೊಟ್ಟು, ಅದನ್ನು ಕಾಡಿನೊಳಗೆ ಸೇರಿಸಿಕೊಳ್ಳಲು ಅವು ಹೋಗುತ್ತಿರುತ್ತವೆ. ಶತ್ರುವನ್ನು ಗೆಲ್ಲುವುದಲ್ಲ, ಒಳಗೊಳ್ಳುವುದು ಎಂಬ ಕಲ್ಪನೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಚಿತ್ರಿಸಿದ ಇನ್ನೊಂದು ಕಾಮಿಕ್ಸ್ ನನ್ನ ಓದಿಗೆ ಸಿಕ್ಕಿಲ್ಲ.

ಯೂಪಾನ ಸಾವೂ ಹೀಗೆಯೇ. ತಮ್ಮವರನ್ನು ಕೊಂದ ಸೇಡಿಗಾಗಿ ದೊರೊಕ್ ಜನ, ಕಣಿವೆಗೆ ನುಗ್ಗಿದ ಸೈನ್ಯದ ನಾಯಕಿಯಾದ ರಾಜಕುಮಾರಿ ಕುಶಾನಾಳ ಮೇಲೆ ಎರಗಿದಾಗ, ಕಾಲದ ಅತ್ಯುತ್ತಮ ಕತ್ತಿಯಾಳೆಂದು ಹೆಸರಾದ ಆ ಮುದುಕ ತನ್ನ ಮೈಯನ್ನೇ ಅಡ್ಡ ಒಡ್ಡಿ ಸಾಯುತ್ತಾನೆ. ಇಷ್ಟೆಲ್ಲ ಆದ ಮೇಲೂ ಮಿಯಾಝಾಕಿ ಓದುಗರಿಗೆ ನೆಮ್ಮದಿ ಕೊಡುವುದಿಲ್ಲ. ಕೊನೆಯಲ್ಲಿ ನೌಸಿಕಾ, ತಾನೇ ಹೆಸರಿಟ್ಟು ಮಗನಂತೆ ಕಂಡ ಹಳೆಯ ಯುದ್ಧದ ದೈತ್ಯನ ಕೈಯಿಂದ ಶುವಾ ಎಂಬ ನಗರದ ಗೋರಿಯನ್ನೂ, ಅದರೊಳಗೆ ಕಾಪಿಟ್ಟಿದ್ದ ಹಿಂದಿನವರ ಯೋಜನೆಯನ್ನೂ ನಾಶಮಾಡಿಸುತ್ತಾಳೆ. ಆ ಗೋರಿಯ ರಕ್ತವೂ ಓಮುಗಳ ರಕ್ತದಂತೆಯೇ ಇತ್ತೆಂಬ ಸತ್ಯವನ್ನು ಹೊತ್ತು ಬದುಕಬೇಕಾಗುತ್ತದೆ. ಇದನ್ನು ಸೋಲೆಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಹನ್ನೆರಡು ವರ್ಷ ಒಂದು ಪ್ರಶ್ನೆಯ ಜೊತೆ ಬದುಕಿದ ಕಲಾವಿದ, ತನಗೆ ಕಾಣದ ಉತ್ತರವನ್ನು ಕಂಡಂತೆ ಬರೆಯಲಿಲ್ಲ.

ಇನ್ನು ಇದನ್ನು ಪುಟದ ಮೇಲೆ ಬಿಡಿಸುವ ಬಗೆ, ಅದು ತಮ್ಮ ವಿಷಯವೇ ಆದ್ದರಿಂದ ಸಂಕ್ಷಿಪ್ತವಾಗಿ ಹೇಳುತ್ತೇನೆ. ಈ ಕೃತಿಗಳಲ್ಲಿ ನಿರ್ಣಾಯಕ ಪುಟಗಳು ಸಾಮಾನ್ಯವಾಗಿ ನಿಧಾನವಾಗುತ್ತವೆ, ಮಾತಿನ ಗುಳ್ಳೆಗಳು ಕಡಿಮೆಯಾಗುತ್ತವೆ, ಮುಷ್ಟಿಯ ಜಾಗದಲ್ಲಿ ಬಿಚ್ಚಿದ ಅಂಗೈ ಬರುತ್ತದೆ. ಮಕ್ಕಳು ಹೊಡೆದಾಟಕ್ಕೆ ಆರು ಚೌಕಟ್ಟು ಕೊಟ್ಟು ರಾಜಿಗೆ ಒಂದನ್ನು ಕೊಟ್ಟರೆ ರಾಜಿ ಸೋಲುವುದು ಖಂಡಿತ. ಹೆಸರು ಹಿಂದಿರುಗಿಸುವ ಕ್ರಿಯೆಗೆ ಮಿದೊರಿಕಾವಾ ಕೊಡುವಷ್ಟು ಜಾಗ ಕೊಡಲಿ. ನಮ್ಮ ಮನೆಗಳಲ್ಲೂ ಇದಕ್ಕೊಂದು ಮಾದರಿಯಿದೆ. ಕನ್ನಡದಲ್ಲಿ 1949ರಿಂದ ಬಂದ ‘ಚಂದಮಾಮ’ದ ಬೇತಾಳ ಕತೆಗಳಿಗೆ ಕಲಾವಿದ ಶಂಕರ್ ಬರೆದ ಚಿತ್ರ ನೆನಪಿಸಿಕೊಳ್ಳಿ: ವಿಕ್ರಮನ ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ. ಆ ಕತ್ತಿ ಬೇತಾಳನ ಮೇಲೆ ಎಂದೂ ಬೀಸುವುದಿಲ್ಲ, ನಡೆಯುವುದೆಲ್ಲ ಮೌನ ಮತ್ತು ಉತ್ತರದ ನಡುವೆ. ಅದು ಕಾಮಿಕ್ಸ್ ಅಲ್ಲದಿದ್ದರೂ ಒಂದೇ ಚಿತ್ರದಲ್ಲಿ ಆಯುಧವನ್ನೂ ಅದರ ನಿರುಪಯೋಗವನ್ನೂ ತೋರಿಸಬಹುದೆಂದು ತರಗತಿಯಲ್ಲಿ ವಿವರಿಸಲು ಅನುಕೂಲ.

ಹೊಡೆದಾಟ ಬೇಡ ಎಂಬ ಕಟ್ಟಳೆಯನ್ನು ಮಾತ್ರ ದಯವಿಟ್ಟು ವಿಧಿಸಬೇಡಿ. ಕ್ಷಮೆ ಕೇಳುವ ರಾಕ್ಷಸ ಹುಟ್ಟುವುದು ಅದರಿಂದಲೇ. ಅದರ ಬದಲು ಮಕ್ಕಳು ಮೊದಲ ಪುಟಕ್ಕೆ ಕೈಹಾಕುವ ಮುನ್ನ, ಆ ರಾಕ್ಷಸ ನಿನ್ನೆ ಸಂಜೆ ಎಲ್ಲಿದ್ದ, ಯಾರಿಗಾಗಿ ಕಾಯುತ್ತಿದ್ದ, ಅವನಿಂದ ಯಾರು ಏನನ್ನು ತೆಗೆದುಕೊಂಡು ಹಿಂದಿರುಗಿಸಲಿಲ್ಲ ಎಂದು ಪ್ರತ್ಯೇಕ ಹಾಳೆಯಲ್ಲಿ ಒಂದು ಚಿತ್ರ ಬಿಡಿಸಲಿ. ಆಮೇಲೆ ಆರನೆಯ ಪುಟವನ್ನು ಖಾಲಿ ಬಿಟ್ಟು ಉಳಿದ ಏಳನ್ನು ಮುಗಿಸಲಿ. ಖಾಲಿ ಪುಟಕ್ಕೆ ಹಿಂದಿರುಗಿದಾಗ ನಾಯಕಿಯ ಕೈಯಲ್ಲಿ ಏನಿರಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ. ಕೆಲವರು ಕತ್ತಿಯನ್ನೇ ಬರೆದಾರು, ಅದನ್ನೂ ತಾವು ಗೋಡೆಯ ಮೇಲೆ ಉಳಿದವುಗಳ ಪಕ್ಕದಲ್ಲಿ ಅಂಟಿಸಬಹುದು.